ಎಡಕ್ಕೆ ಎಳೆಯುವ ಜೀಪೂ ನಮ್ಮ ಮಾವನೂ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖದ ಪರಿಚಯವೇ ಇರಲಿಲ್ಲ. ನಂಬಿ! ಕಣ್ಣು ಚೆನ್ನಾಗಿಯೇ ಇದ್ದವು. ಹೊಲದಾಚೆ ಹೋಗುವ ಎಮ್ಮೆ ಯಾರ ಮನೆಯದೆಂದು ನಿಂತಲ್ಲಿಂದಲೇ ಹೇಳುತ್ತಿದ್ದ. ಆದರೆ ಎದುರಿಗೆ ಬಂದವರ ಮುಖ ನೋಡುವ ರೂಢಿ ಮಾತ್ರ ಇಲ್ಲ. ಅವನ ದೃಷ್ಟಿ ಸೀದಾ ಅವರ ಚಪ್ಪಲಿಗೆ ಇಳಿಯುತ್ತಿತ್ತು. ಹಿಮ್ಮಡಿ ಯಾವ ಮಗ್ಗುಲಿಗೆ ಸವೆದಿದೆ, ಹೆಬ್ಬೆರಳು ಎಷ್ಟು ಒತ್ತಿದೆ, ಎಡಗಾಲು ಹೊರಗೆ ಬೀಳುತ್ತದೋ ಒಳಗೋ, ಇಷ್ಟನ್ನೂ ನೋಡಿ ಮುಗಿಸಿದ ಮೇಲೆ "ಆರಾಮ ಅದೀರಿ?" ಎಂದು ಕೇಳುತ್ತಿದ್ದ. ಅದನ್ನೂ ಚಪ್ಪಲಿಗೇ ಕೇಳಿದಂತೆ ಇರುತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ತನ್ನ ಖಾಸಾ ಬೀಗರನ್ನೇ ಗುರುತು ಹಿಡಿಯಲಿಲ್ಲ. ಪಾಪ, ಅವರು ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದರು! ಬೀಗರು ಮುಖ ಊದಿಸಿಕೊಂಡು "ಗುರ್ತ ಹತ್ತಲಿಲ್ಲೇನ್ರಿ?" ಎಂದರೆ, ಇವನು "ಹಳೀವು ಎಲ್ಲಿ ಬಿಟ್ರಿ?" ಎಂದು ಕೇಳಿದ.

ಯಲಬುರ್ಗಾದ ನಮ್ಮ ಓಣಿಯಲ್ಲಿ ಅವನು ಪರೀಕ್ಷೆ ಮಾಡದ ಚಪ್ಪಲಿ ಒಂದೇ ಜೋಡಿ ಇತ್ತು. ಅದು ನನ್ನದು. ಚಿಕ್ಕಂದಿನಲ್ಲಿ ಒಂದು ಜ್ವರ ಬಂದು, ಹೋಗುವಾಗ ನನ್ನ ಎಡಗಾಲಿನ ಬಲವನ್ನೂ ತೆಗೆದುಕೊಂಡು ಹೋಗಿತ್ತು. ಆ ಕಾಲು ಬಲಗಾಲಿಗಿಂತ ಗಿಡ್ಡವಾಗಿಯೇ ಬೆಳೆಯಿತು. ಎಲುಬು ನೋಡುವವರೊಬ್ಬರು ಕಾಲನ್ನು ಜಗ್ಗಿ, ಬಿದಿರ ದಬ್ಬೆ ಕಟ್ಟಿ ನೋಡಿದರು. ನಾನು ಊರಿಗೆಲ್ಲ ಕೇಳುವ ಹಾಗೆ ಅತ್ತದ್ದಷ್ಟೇ ಲಾಭ. ಆಮೇಲೆ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಎತ್ತಲಿಲ್ಲ ಅಂದರೆ ಎಷ್ಟರ ಮಟ್ಟಿಗೆ? ನಮ್ಮದು ಒಕ್ಕಲುತನದ ಮನೆ. ಹೊಲ ಹರಗುವ ಕುಂಟಿ ಇಲ್ಲದೆ ಒಕ್ಕಲುತನ ಉಂಟೇ? ಆದರೆ ಕುಂಟುತ್ತ ನಡೆಯುವ ಹೆಂಗಸಿಗೂ ನಮ್ಮ ಕಡೆ ಅದೇ ಶಬ್ದ. ಹಾಗಾಗಿ ಅವ್ವ ಆ ಶಬ್ದವನ್ನೇ ಹೊಸ್ತಿಲಾಚೆ ಹಾಕಿಬಿಟ್ಟಿದ್ದಳು. ಅಪ್ಪ ಬೆಳಿಗ್ಗೆ ಆಳಿಗೆ, "ಅದನ್ನ ತಗೊಂಡು ಹೊಲಕ್ಕ ನಡಿ" ಎನ್ನುತ್ತಿದ್ದ. "ಯಾವುದ್ರಿ?" "ಅದನೋ ಮಾರಾಯ! ರಂಟಿ ಅಲ್ಲ, ಕೂರಿಗಿ ಅಲ್ಲ, ಅದು!" ಒಮ್ಮೆ ಆಳು ತಲೆ ಕೆಟ್ಟು ಹಗ್ಗ ಒಂದನ್ನೇ ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟ. ಇಂಥ ಮನೆಯಲ್ಲಿ, ಜಗತ್ತಿನ ಸೊಟ್ಟನ್ನೆಲ್ಲ ಹುಡುಕುವ ಮಾವನೂ ನನ್ನ ಕಾಲಿನ ಕಡೆ ಮಾತ್ರ ಕಣ್ಣು ಹಾಯಿಸುತ್ತಿರಲಿಲ್ಲ. ರಿಪೇರಿ ಆಗದ ಗಾಡಿಯನ್ನು ಯಾವ ಮಿಸ್ತ್ರಿ ನೋಡುತ್ತಾನೆ ಎಂದುಕೊಂಡು ನಾನು ಒಳಗೊಳಗೇ ಸಂಕಟಪಡುತ್ತಿದ್ದೆ.

ಮಾವನ ರೋಗ ಹುಟ್ಟಿನಿಂದ ಬಂದದ್ದಲ್ಲ, ಜೀಪಿನಿಂದ ಬಂದದ್ದು. ಎಪ್ಪತ್ತರ ದಶಕದ ನಡುವೆ ಅವನು ಎಲ್ಲಿಯೋ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೆಯ ಮಿಲಿಟರಿ ಜೀಪು ತಂದ. ನಾಲ್ಕೂ ಗಾಲಿ ಎಳೆಯುವ ಜೀಪು! ಗೇರಿನ ಪಕ್ಕಕ್ಕೆ ಇನ್ನೊಂದು ಗಿಡ್ಡ ಹಿಡಿಕೆ. ಅದನ್ನು ಹಾಕಿದರೆ ಮುಂದಿನ ಗಾಲಿಗಳೂ ದುಡಿಯುತ್ತವೆ. ಎರೆ ಭೂಮಿಯಲ್ಲಿ ಮಳೆ ಬಿದ್ದು ಎತ್ತಿನ ಬಂಡಿಗಳೆಲ್ಲ ಹುಗಿದು ನಿಂತಾಗಲೂ ಮಾವ ಮಂಗಳೂರಿಗೆ ಹೋಗಿ ಬರುತ್ತಿದ್ದ. (ನಮ್ಮ ಮಂಗಳೂರು ರೀ, ಯಲಬುರ್ಗಾ ಹತ್ತಿರದ್ದು. ಸಮುದ್ರ ಹುಡುಕಬೇಡಿ!) ಆದರೆ ನಮ್ಮ ಕಡೆ ಮಳೆ ಬೀಳುವುದಾದರೂ ಎಷ್ಟು? ವರ್ಷದ ಉಳಿದ ದಿನಗಳಲ್ಲಿ ಆ ಗಿಡ್ಡ ಹಿಡಿಕೆಗೆ ಅರಿವೆಯಿಂದ ಒರೆಸಿಕೊಳ್ಳುವುದೇ ಕೆಲಸ.

ಜೀಪಿಗೆ ಒಂದೇ ಐಬು. ಎಡಕ್ಕೆ ಎಳೆಯುತ್ತಿತ್ತು. ಸ್ಟೇರಿಂಗನ್ನು ಬಲಕ್ಕೆ ಜಗ್ಗಿ ಹಿಡಿದರೆ ಮಾತ್ರ ರಸ್ತೆಯ ಮೇಲೆ. ಒಂದು ಸೀನು ಸೀನಿದರೆ ಎಡಗಡೆಯ ಹೊಲದಲ್ಲಿ. ಹೀಗೆ ಜಗ್ಗಿ ಜಗ್ಗಿ ಮಾವನ ಮೈಯೇ ಬಲಕ್ಕೆ ವಾಲಿಬಿಟ್ಟಿತು. ಊಟಕ್ಕೆ ಕೂತರೂ ವಾಲಿಯೇ ಕೂಡುವುದು. ಫೋಟೋ ತೆಗೆಸಿಕೊಂಡರೆ ಫೋಟೋ ತೆಗೆಯುವವನು ತನ್ನ ಕ್ಯಾಮರಾದ ಕಾಲುಗಳನ್ನು ನೋಡಿಕೊಳ್ಳುತ್ತಿದ್ದ. ಕೊನೆಗೆ ಅತ್ತೆಯ ಕಾಟ ತಾಳದೆ ಜೀಪನ್ನು ಗಂಗಾವತಿಗೆ ಒಯ್ದು ಮಿಸ್ತ್ರಿಗೆ ತೋರಿಸಿದ. ಅವನು ಕೆಳಗೆ ನುಸುಳಿ ಹೊರಬಂದು, "ಮುಂದಿನ ಆಕ್ಸಲ್ ಬಾಗೇತ್ರಿ. ಬಿಚ್ಚಿ, ಕಾಸಿ, ಬಡದು ನೆಟ್ಟಗ ಮಾಡ್ತೀನಿ" ಎಂದ.

"ಆಕ್ಸಲ್‌ಗೆ ಕೈ ಹಚ್ಚಿದ್ಯಂದ್ರ ನಿನ್ನ ಕೈ ನೆಟ್ಟಗ ಇರೂದಿಲ್ಲ ನೋಡು!" ಎಂದು ಮಾವ ಗಾಡಿ ತಿರುಗಿಸಿಕೊಂಡು ಬಂದ.

ಅಂದಿನಿಂದ ಅವನೇ ಮಿಸ್ತ್ರಿ. ಕೇಳುವವರಿದ್ದರೂ ಇಲ್ಲದಿದ್ದರೂ ಪಾಠ ಶುರು. ಇಂಥ ಜೀಪಿಗೆ ಮುಂದೆ ಈ ಗಾಲಿಯಿಂದ ಆ ಗಾಲಿಯವರೆಗೆ ಒಂದೇ ಗಟ್ಟಿ ಕಬ್ಬಿಣದ ಆಕ್ಸಲ್. ಕಾರಿನ ಹಾಗೆ ಒಂದೊಂದೇ ಗಾಲಿಯನ್ನು ಹಿಡಿದು ತಿದ್ದಲು ಬರುವುದಿಲ್ಲ. ತಿದ್ದುವುದಕ್ಕೆ ಎರಡೇ ದಾರಿ: ಎರಡೂ ಗಾಲಿಗಳನ್ನು ಜೋಡಿಸುವ ಉದ್ದನೆಯ ಟೈರಾಡನ್ನು ತಿರುಗಿಸಿ ಅವು ಎತ್ತ ಮುಖ ಮಾಡಬೇಕೆಂದು ಹೇಳುವುದು, ಆಕ್ಸಲ್ಲಿಗೂ ಅದನ್ನು ಹೊತ್ತ ಪಾಟಾಕ್ಕೂ, ಅಂದರೆ ಸ್ಪ್ರಿಂಗಿನ ಪಟ್ಟಿಗೂ, ನಡುವೆ ಕಬ್ಬಿಣದ ಬೆಣೆ ಕೊಟ್ಟು ವಾಲಿಕೆ ಸರಿಪಡಿಸುವುದು. "ಹುಟ್ಟಿಸಿದಾಂವ ಎರಕಾ ಹೊಯ್ದದ್ದನ್ನ ಬಡೀಬಾರದು. ಅದಕ್ಕೊಂದು ಬೆಣಿ ಕೊಡಬೇಕು" ಎಂದು ಹೇಳಿಯೇ ಅವನು ಪಾಠ ಮುಗಿಸುತ್ತಿದ್ದುದು. ಇದನ್ನು ಅವನು ದವಾಖಾನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಒಮ್ಮೆ ಸತ್ತವರ ಮನೆಯಲ್ಲಿ ಕೂಡ ಹೇಳಿದ್ದಾನೆ.

ಗಾಲಿಗಳ ನಡುವಿನ ಅಂತರ ಅಳೆಯಲು ಉದ್ದನೆಯ ಕೋಲು ಬೇಕಿತ್ತು. ಅತ್ತೆ ಸೀರೆ ಒಣಹಾಕುವ ಬಿದಿರ ಗಳ ಅದಕ್ಕೆ ಆಹುತಿಯಾಯಿತು. ಟೈರಿನ ಮೇಲೆ ಗುರುತು ಮಾಡಲು ಸುಣ್ಣದ ಕಡ್ಡಿ ಸಿಗಲಿಲ್ಲ. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು ಎರಡೂ ಟೈರಿಗೆ ಎಳೆದ. ಮುಂದಿನ ಭಾಗದ ಅಂತರ ಅಳೆದು, ಗಾಲಿ ಅರ್ಧ ಸುತ್ತುವಷ್ಟು ಜೀಪನ್ನು ನೂಕಿ, ಅದೇ ಗುರುತು ಹಿಂದಕ್ಕೆ ಬಂದ ಮೇಲೆ ಮತ್ತೆ ಅಳೆಯುವುದು. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ, ವಿಭೂತಿ ಹಚ್ಚಿಕೊಂಡ ಟೈರನ್ನೂ ಅದರ ಮುಂದೆ ಬೋರಲು ಬಿದ್ದ ಮಾವನನ್ನೂ ನೋಡಿ, ಚಪ್ಪಲಿ ಕಳೆದು ಕೈಮುಗಿದು ಹೋದಳು. ಮಾವ ಬಿದ್ದಲ್ಲಿಂದಲೇ ಅವಳ ಚಪ್ಪಲಿ ನೋಡಿಕೊಂಡ.

"ಮುಂದ ಒಂದೀಟ ಕಮ್ಮಿ ಇರಬೇಕು" ಎಂದು ಅವನು ಅತ್ತೆಗೆ ವಿವರಿಸಿದ. "ನಿಂತಾಗ ಎರಡೂ ಗಾಲಿ ಒಂದರ ಕಡಿಗೆ ಒಂದು ಚೂರು ಮುಖಾ ಮಾಡಿರಬೇಕು. ಓಡಾಕ ಹತ್ತಿದ ಮ್ಯಾಲ ತಾವಾಗೇ ನೆಟ್ಟಗಾಕ್ಕಾವ. ಗಂಡ ಹೆಂಡತಿ ಇದ್ದಂಗ."

"ಹಂಗಾರ ಆ ಟೈರ್ ಬಿಟ್ಟು ಮೊದಲ ಈ ಕಡಿ ಮುಖಾ ಮಾಡ್ರಿ. ರೊಟ್ಟಿ ಆರಾಕ ಹತ್ಯಾವ" ಎಂದಳು ಅತ್ತೆ.

ಟೈರಾಡು ತಿರುಗಿತು, ಬೆಣೆ ಕೂತಿತು. ಜೀಪು ಎಳೆ ಹಿಡಿದ ಹಾಗೆ ನೆಟ್ಟಗೆ ಓಡತೊಡಗಿತು. ಮಾವನ ಸಂಭ್ರಮವೇ ಸಂಭ್ರಮ! ಮರುದಿನವೇ ಒಂದು ಮದುವೆಯ ದಿಬ್ಬಣವನ್ನು ಹೇರಿಕೊಂಡು ಕುಷ್ಟಗಿಗೆ ಹೊರಟ. ಊರು ದಾಟಿದ್ದೇ ತಡ, ಜೀಪು ಬಲಗಡೆಯ ಕುಸುಬಿ ಹೊಲಕ್ಕೆ ನುಗ್ಗಿತು. ಕುಸುಬಿ ಕಂಡಿದ್ದೀರಾ? ಹೂವು ನೋಡಲು ಚೆಂದ, ಮೈತುಂಬ ಮುಳ್ಳು. ರೇಷ್ಮೆ ಸೀರೆಯ ಬೀಗಿತಿಯರೆಲ್ಲ "ಅಯ್ಯಯ್ಯ ಯವ್ವಾ!" ಎಂದು ಅದರೊಳಗೆ ಇಳಿದರು. ಆದದ್ದಿಷ್ಟೇ: ವರ್ಷಗಟ್ಟಲೆ ಬಲಕ್ಕೆ ಜಗ್ಗಿದ ಕೈಗೆ ಜೀಪು ನೆಟ್ಟಗಾದ ಸುದ್ದಿ ಇನ್ನೂ ತಲುಪಿರಲಿಲ್ಲ! ಬೀಗಿತಿಯರು ಬೈಯುತ್ತ ಮುಳ್ಳು ತೆಗೆದುಕೊಳ್ಳುತ್ತಿದ್ದರೆ ಮಾವ ಮುಖವರಳಿಸಿ, "ಗಾಡಿದು ಏನೂ ತಪ್ಪಿಲ್ರಿ. ಅದು ನೆಟ್ಟಗ ಆಗೇತಿ. ಸೊಟ್ಟ ಉಳಿದಾಂವ ನಾನು!" ಎಂದ.

ಆ ಮಾತೇ ಅವನ ತಲೆ ಕೆಡಿಸಿದ್ದು. ಗಾಡಿ ಸೊಟ್ಟಾದರೆ ಮನುಷ್ಯ ಸೊಟ್ಟಾಗುತ್ತಾನೆ. ಹಾಗಾದರೆ ಮನುಷ್ಯನ ಅಲೈನ್‌ಮೆಂಟ್ ನೋಡುವವರು ಯಾರು? ಟೈರು ಸವೆದದ್ದನ್ನು ನೋಡಿ ಗಾಡಿಯ ಐಬು ಹೇಳಬಹುದು. ಮನುಷ್ಯನ ಟೈರು ಯಾವುದು? ಚಪ್ಪಲಿ! ಅಲ್ಲಿಂದ ಮುಂದೆ ಯಾರ ಮನೆಗೆ ಹೋದರೂ ಮಾವ ಒಳಗೆ ಬರುತ್ತಿರಲಿಲ್ಲ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಬಿಟ್ಟ ಚಪ್ಪಲಿಗಳನ್ನೆಲ್ಲ ಮಗುಚಿ ಮಗುಚಿ ನೋಡುತ್ತಿದ್ದ. ನಮ್ಮಲ್ಲಿ ಇನ್ನೊಬ್ಬರ ಚಪ್ಪಲಿ ಮುಟ್ಟುವುದೆಂದರೆ ಏನು! ಕೆಲವರು ಗಾಬರಿಯಾದರು, ಕೆಲವರು ಕಳ್ಳನೆಂದರು. ಅವನಿಗೆ ಯಾವುದರ ಖಬರೂ ಇರಲಿಲ್ಲ.

ಈ ಹೊತ್ತಿಗೆ ನಾನು ಮೆಟ್ರಿಕ್ ಪಾಸಾಗಿದ್ದೆ. ಕೊಪ್ಪಳದಲ್ಲಿ ಟಿ.ಸಿ.ಎಚ್. ಓದಲು ಸೀಟೂ ಸಿಕ್ಕಿತ್ತು. ಮಾಸ್ತರ್ತಿ ಆಗಬೇಕೆಂಬುದು ನನ್ನ ಚಿಕ್ಕಂದಿನ ಆಸೆ; ಬೇವಿನ ಗಿಡಕ್ಕೂ ಮೇಕೆಗಳಿಗೂ ಮಗ್ಗಿ ಕಲಿಸಿದವಳು ನಾನು. ಆದರೆ ಸೀಟು ಸಿಕ್ಕ ದಿನದಿಂದ ಎದೆಯಲ್ಲಿ ಒಂದೇ ಚಿತ್ರ: ನಾನು ಬಾಗಿಲಿನಿಂದ ಕರಿಹಲಗೆಯವರೆಗೆ ನಡೆಯುತ್ತೇನೆ, ಮಕ್ಕಳೆಲ್ಲ ನನ್ನ ಹಾಗೆಯೇ ವಾಲುತ್ತ ನಗುತ್ತವೆ. ಹೋಗುವುದಿಲ್ಲ ಎಂದುಬಿಟ್ಟೆ. ಕಾರಣ ಯಾರೂ ಕೇಳಲಿಲ್ಲ. ಕೇಳಿದರೆ ಆ ಶಬ್ದ ಬರಬೇಕಲ್ಲ!

ಅದೇ ವಾರ ಅಕ್ಕನನ್ನು ನೋಡಲು ಗಂಗಾವತಿಯಿಂದ ಗಂಡಿನ ಕಡೆಯವರು ಬಂದರು. ಒಳಗೆ ಉಪ್ಪಿಟ್ಟು, ಚಹಾ. ಹೊರಗೆ ಮಾವ, ಚಪ್ಪಲಿ. ಮಾತುಕತೆ ಇನ್ನೇನು ಒಂದು ಹದಕ್ಕೆ ಬಂತು ಅನ್ನುವಾಗ ಮಾವ ಗಂಡಿನ ಬಲಗಾಲ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡುಮನೆಗೇ ಬಂದುಬಿಟ್ಟ!

"ಯಾರದರೀ ಇದು? ಒಳಗ ಎಳೀತೈತಿ. ಹಿಂಗ ಬಿಟ್ರ ಮೊಣಕಾಲಾ ಹೋಗ್ತಾವ."

ಮನೆಯೆಲ್ಲ ಚಿತ್ರ ಬರೆದ ಹಾಗೆ ಕೂತಿತು. ಗಂಡು ಒಬ್ಬನೇ ನಕ್ಕ. "ನಂದ್ರಿ. ಸೈಕಲ್ ಮ್ಯಾಲಿಂದ ಬಿದ್ದಿದ್ದೆ" ಎಂದ. (ಒಳ್ಳೆಯ ಮನುಷ್ಯ. ಅಕ್ಕ ಅವನನ್ನೇ ಮಾಡಿಕೊಂಡಳು.) ಆದರೆ ಅವನ ಸೋದರತ್ತೆ ಸುಮ್ಮನಿರುವ ಪೈಕಿ ಅಲ್ಲ. ಚಹಾದ ಬಟ್ಟಲನ್ನು ಕುಕ್ಕಿ ಇಟ್ಟು, ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಕಡೆ ಕೈ ಮಾಡಿದಳು.

"ಮಂದಿ ಕಾಲಿನ ಉಸಾಬರಿ ನಿಮಗ್ಯಾಕ್ರಿ? ಮೊದಲ ನಿಮ್ಮನಿ ಕುಂಟಿ ಹುಡುಗಿ ಕಾಲು ನೋಡ್ಕೋರಿ."

ಅವ್ವ ಹೊಸ್ತಿಲಾಚೆ ಹಾಕಿದ್ದ ಶಬ್ದ ನಡುಮನೆಯಲ್ಲಿ ಬಂದು ಕೂತಿತು. ಅವ್ವ ಸೆರಗು ಬಾಯಿಗೆ ಹಿಡಿದಳು. ನಾನು ಒಳಗೆ ಓಡಿದೆ; ಓಡುವಾಗ ನನ್ನ ಕಾಲಿನ ಸಪ್ಪಳ ಎಲ್ಲರಿಗೂ ಕೇಳಿತು. ಮಾವ ಚಪ್ಪಲಿಯನ್ನು ಎಲ್ಲಿಂದ ಎತ್ತಿದ್ದನೋ ಅಲ್ಲಿಯೇ ಇಟ್ಟು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನು ಒಂದು ಚೀಲದ ತುಂಬ ತಗಡಿನ ಚೂರು ಹಿಡಿದು ನಮ್ಮ ಅಂಗಳಕ್ಕೆ ಬಂದ. ಹಿಂದೆ ಅತ್ತೆ.

"ನಿಂದ್ರ ಬಾ ಇಲ್ಲೆ" ಎಂದ ನನಗೆ.

"ಯಾಕ?"

"ಕುಂಟಿಗೆ ಬೆಣಿ ಹೊಡೀಬೇಕು."

ಅವ್ವ ಒಳಗಿನಿಂದ "ಏ!" ಎಂದು ಕೂಗಿದಳು. ಮಾವ ತಿರುಗಿ ನೋಡಿದ. "ಏನ್ ಏ? ಕುಂಟಿ ಅಂದ್ರ ಹೊಲಾ ಹಸನ ಮಾಡೂದು, ಅಕ್ಕಾ. ಹೆಸರು ಹೇಳಾಕ ನಾಚಿಕಿ ಯಾಕ? ನಿನ್ನ ಸಲುವಾಗಿ ನಾನೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕಣ್ಣು ತಿರುವಿಕೊಂಡು ಅಡ್ಡಾಡಿದೆ. ಸಾಕಾತು." ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆ ಶಬ್ದ ಆ ಹೆಂಗಸಿನ ಬಾಯಲ್ಲಿ ಮುಳ್ಳಿನ ಹಾಗಿತ್ತು. ಇವನ ಬಾಯಲ್ಲಿ ಹೊಲದ ಸಾಮಾನಾಗಿಬಿಟ್ಟಿತ್ತು.

ನನ್ನನ್ನು ನಿಲ್ಲಿಸಿ ಎಡಗಾಲ ಕೆಳಗೆ ಒಂದೊಂದೇ ತಗಡು ತೂರಿಸುತ್ತ ಹೋದ. ಅತ್ತೆ ನನ್ನ ಲಂಗದ ಅಂಚನ್ನು ನೋಡಿ ಹೇಳಬೇಕು. "ಇನ್ನೂ ಇಳದೈತ್ರಿ... ಇನ್ನೂ... ಹಾಂ, ಈಗ ಸಮಾ ಆತು." ನನ್ನ ಜೀವಮಾನದಲ್ಲಿ ಮೊದಲ ಸಲ ಎರಡೂ ಭುಜಗಳು ಒಂದೇ ಮಟ್ಟದಲ್ಲಿ ನಿಂತಿದ್ದವು. ಸೊಂಟದ ಹಳೆಯ ನೋವು ಎಲ್ಲಿ ಹೋಯಿತೆಂದು ನಾನು ಹುಡುಕುತ್ತಿದ್ದೆ.

"ನೋಡವ್ವಿ" ಎಂದ ಮಾವ, ನೆಲದ ಮೇಲೆ ಕೂತಲ್ಲಿಂದಲೇ. "ನಿನ್ನ ಕಾಲು ಗಿಡ್ಡ ಅಲ್ಲ. ಆ ಕಡಿಗೆ ನೆಲಾ ತಗ್ಗ ಐತಿ. ಕಾಲು ಜಗ್ಗಾಕ ಹೋಗಿದ್ರಲ್ಲ, ಹುಚ್ಚರು! ನೆಲಾ ಎತ್ತಬೇಕು."

ಹಾಗೆಂದು ಎಲ್ಲ ಸಲೀಸಾಗಿ ಮುಗಿಯಿತೆಂದು ತಿಳಿಯಬೇಡಿ. ನಮ್ಮ ಮಾವ ಅಷ್ಟು ಜಾಣನಲ್ಲ! ಟೈರಿನ ರಬ್ಬರು ಕತ್ತರಿಸಿ, ಪದರದ ಮೇಲೆ ಪದರ ಕೂಡಿಸಿ ತಂದ ಮೊದಲ ಚಪ್ಪಲಿ ಇಟ್ಟಿಗೆಯಷ್ಟು ದಪ್ಪ ಇತ್ತು. ಹಾಕಿಕೊಂಡು ಹೆಜ್ಜೆ ಇಟ್ಟರೆ ಜೀಪು ಕುಸುಬಿ ಹೊಲಕ್ಕೆ ಹೋದಂತೆ ನಾನು ಬಲಕ್ಕೆ ಹೋಗಿ ಹೇಂಟೆಗಳ ಮೇಲೆ ಬಿದ್ದೆ. ಮಾವ ಬೇವಿನ ಗಿಡದಿಂದ ಬಾಗಿಲವರೆಗೆ ಒಂದು ದಾರ ಕಟ್ಟಿದ. ದಿನಾ ಸಂಜೆ ನಾನು ಆ ದಾರದ ಮಗ್ಗುಲಲ್ಲಿ ನಡೆಯಬೇಕು; ಅವನು ನೆಲಕ್ಕೆ ಗಲ್ಲ ಹಚ್ಚಿ ನೋಡಬೇಕು. ಆಮೇಲೆ ಒಂದಿಷ್ಟು ರಬ್ಬರು ಕೆತ್ತಿ ತರುವುದು. ಮತ್ತೆ ನಡೆಯುವುದು. ಓಣಿಯ ಜನ ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಹಾಗೆ ಕೂತವರ ಚಪ್ಪಲಿಗಳನ್ನೂ ಮಾವ ಬಿಡಲಿಲ್ಲವೆನ್ನಿ! ಕೊನೆಗೊಂದು ಸಂಜೆ ದಾರಕ್ಕೆ ತಾಗದೆ ಬಾಗಿಲು ಮುಟ್ಟಿದೆ. ಅವ್ವ ಒಲೆಯ ಮುಂದೆ ಕೂತು ಜೋರಾಗಿ ಅತ್ತಳು. ನಾನು ಕೊಪ್ಪಳಕ್ಕೆ ಹೋಗುತ್ತೇನೆ ಎಂದೆ.

ಹೊರಡುವ ದಿನ ಮಾವನದೇ ಜೀಪು. ಪಕ್ಕದಲ್ಲಿ ನಾನು, ಹಿಂದೆ ನನ್ನ ಟ್ರಂಕು. ಜೀಪಿನ ಬೆನ್ನಿಗೆ ತೂಗುಬಿದ್ದ ಸ್ಟೆಪ್ನಿಗೆ, ಅಂದರೆ ಹೆಚ್ಚುವರಿ ಗಾಲಿಗೆ, ಗೋಣಿಚೀಲ ಹೊದಿಸಿ ಬಿಗಿಯಾಗಿ ಕಟ್ಟಿದ್ದ. "ಬಿಸಲಿಗೆ ರಬ್ಬರ್ ಒಣಗ್ತೈತಿ" ಎಂದು ಅತ್ತೆಗೆ ಹೇಳಿದ್ದನಂತೆ. ಹೊಸಾ ಟೈರು, ಇನ್ನೂ ಒಮ್ಮೆಯೂ ನೆಲಕ್ಕೆ ಇಳಿಸಿರಲಿಲ್ಲ. ಅದರ ಮೇಲೆ ಅವನಿಗೆ ಅಷ್ಟು ಜೀವ. ಕುಕನೂರು ದಾಟಿ, ದೂರದಲ್ಲಿ ಕೊಪ್ಪಳದ ಗುಡ್ಡ ಕಾಣುತ್ತಿದೆ ಅನ್ನುವಾಗ ಢಬ್ ಎಂದು ಸಪ್ಪಳವಾಯಿತು. ಮುಂದಿನ ಟೈರು ಒಡೆದಿತ್ತು. ಅದೂ ಎಡಗಡೆಯದು!

ಮಾವ ಕೆಳಗಿಳಿದು ಟೈರಿನ ಮುಂದೆ ಸುಮ್ಮನೆ ನಿಂತ. ಜ್ಯಾಕೂ ತೆಗೆಯಲಿಲ್ಲ, ಪಾನಾನೂ ತೆಗೆಯಲಿಲ್ಲ.

"ಸ್ಟೆಪ್ನಿ ಹಾಕು ಮಾಮಾ. ಮಧ್ಯಾಹ್ನದೊಳಗ ಹೆಸರು ಹಚ್ಚಬೇಕು" ಎಂದೆ.

ನಾನೇ ಇಳಿದು ಹಿಂದೆ ಹೋಗಿ ಗೋಣಿಚೀಲ ಬಿಚ್ಚಿದೆ. ಒಳಗೆ ಹುಲ್ಲು! ಹೆಂಗಸರು ಕೊಡ ಹೊರುವಾಗ ತಲೆಗಿಟ್ಟುಕೊಳ್ಳುವ ಸಿಂಬಿ ಇರುತ್ತದಲ್ಲ, ಅಂಥದೇ ಒಂದು ದೈತ್ಯ ಸಿಂಬಿಯನ್ನು ಹುಲ್ಲಿನಿಂದ ಸುತ್ತಿ ತೂಗುಹಾಕಿದ್ದ.

"ಮಾಮಾ! ಸ್ಟೆಪ್ನಿ ಎಲ್ಲೈತಿ?"

ಅವನು ತಲೆ ಕೆರೆದುಕೊಂಡ. ಆಮೇಲೆ ನನ್ನ ಎಡಗಾಲಿನ ಕಡೆ ಬೆರಳು ಮಾಡಿದ.

"ನಿನ್ನ ಕಾಲಾಗ ಐತಲ್ಲ."

ನಾನು ಕಾಲೆತ್ತಿ ಚಪ್ಪಲಿಯ ತಳ ನೋಡಿದೆ. "ಹಳೀ ಟೈರ್ ರಗಡ ಇದ್ದವು" ಎಂದು ಅವನೇ ಹೇಳಿದ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ. "ಆದ್ರ ಅವೆಲ್ಲಾ ಒಂದು ಕಡಿಗೆ ಸವದಿದ್ದವು. ಸೊಟ್ಟ ಸವದ ರಬ್ಬರ್ ನಿನ್ನ ಕಾಲಿಗೆ ಹ್ಯಾಂಗ ಹಚ್ಚಲಿ? ನಿನ್ನ ಅತ್ತಿ ಮುಂದ ಮಾತ್ರ ಹೇಳಬ್ಯಾಡ ಮತ್ತ. ಇಲ್ಲೇ ಕುಂದ್ರು. ಬಸ್ಸು ಬರ್ತೈತಿ, ಕೈ ಮಾಡ್ತೀನಿ."

ನಾನು ಗುಡ್ಡದ ಕಡೆ ನೋಡಿದೆ. ಅಷ್ಟು ದೂರ ನಾನು ಯಾವತ್ತೂ ನಡೆದಿರಲಿಲ್ಲ. ನಡೆಯಲು ಯಾರೂ ಬಿಟ್ಟಿರಲಿಲ್ಲ. "ಬಸ್ಸು ಬ್ಯಾಡ ಮಾಮಾ. ನಡಕೊಂಡ ಹೋಗೂಣು" ಎಂದೆ.

ಅವನು ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡು ಹಿಂದೆ ಬಂದ. ನಾನು ಮುಂದೆ. ರಸ್ತೆಯ ಅಂಚಿನ ಧೂಳಿನಲ್ಲಿ ನನ್ನ ಚಪ್ಪಲಿ ಜೀಪಿನ ಟೈರಿನದೇ ಗುರುತು ಬಿಡುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೇಳಿದ:

"ಎಡಕ್ಕ ಎಳೀತೈತೇನವ್ವಿ?"

"ಇಲ್ಲ ಮಾಮಾ."

"ಬಲಕ್ಕ?"

"ಇಲ್ಲ."

ಹಿಂದಿನ ಹೆಜ್ಜೆ ಸಪ್ಪಳ ನಿಂತಿತು. ಇಷ್ಟೊತ್ತಿಗೆ ನನ್ನ ಹೆಜ್ಜೆ ಗುರುತನ್ನು ಅಳೆಯಲು ಧೂಳಿನಲ್ಲಿ ಕೂತೇಬಿಟ್ಟಿರುತ್ತಾನೆ ಎಂದುಕೊಂಡು ನಗುತ್ತಲೇ ಹಿಂದಿರುಗಿ ನೋಡಿದೆ. ಅವನು ಕೂತಿರಲಿಲ್ಲ. ಟ್ರಂಕು ಹೊತ್ತುಕೊಂಡು, ಎಂದಿನಂತೆ ಕೊಂಚ ಬಲಕ್ಕೆ ವಾಲಿಕೊಂಡೇ ನಿಂತಿದ್ದ. ನನ್ನ ಚಪ್ಪಲಿ ನೋಡಲಿಲ್ಲ, ಧೂಳಿನಲ್ಲಿದ್ದ ಟೈರಿನ ಗುರುತನ್ನೂ ನೋಡಲಿಲ್ಲ. ನನ್ನ ಮುಖ ನೋಡಿದ.

"ಏನ ನೋಡ್ತೀ ಮಾಮಾ?"

"ಏನಿಲ್ಲ" ಎಂದ ಮಾವ. "ಥೇಟ್ ನಮ್ಮಕ್ಕನಂಗ ಅದೀ. ಇಷ್ಟು ದಿನಾ ನೋಡೇ ಇರಲಿಲ್ಲ."